ಅವ್ವನ ಪ್ಲಸ್ ಮೈನಸ್

ಪೆನ್ನು ಹುಡುಕಲೆಂದು ಹಳೆಯ ಜಾಮಿಟ್ರಿ ಬಾಕ್ಸ್ ತೆಗೆದೆ. ಪೆನ್ನು ಸಿಗಲಿಲ್ಲ, ವಾಸನೆ ಸಿಕ್ಕಿತು. ಲೇತ್ ಯಂತ್ರದ ಎಣ್ಣೆಯ ವಾಸನೆ. ಪೀಣ್ಯದ ಕಾರ್ಖಾನೆಗಳ ಕಡೆ ಓಡಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಓಡಾಡದವರು ಸೈಕಲ್ ಚೈನಿನ ಹತ್ತಿರ ಒಮ್ಮೆ ಮೂಗು ಇಟ್ಟು ನೋಡಿ, ಅಂದಾಜು ಸಿಗುತ್ತದೆ. ಡಬ್ಬಿಯ ಮೂಲೆಯಲ್ಲಿ ಉಕ್ಕಿನ ಒಂದು ಬುಷ್ ಕೂತಿತ್ತು. ಬುಷ್ ಎಂದರೆ ದಪ್ಪ ಬಳೆಯಂಥದು. ಅದರೊಳಗೆ ಯಂತ್ರದ ಶಾಫ್ಟ್, ಅಂದರೆ ಉಕ್ಕಿನ ದಂಡ, ತಿರುಗುತ್ತದೆ. ಇದರ ಒಂದು ಮುಖದ ಮೇಲೆ ಕೆಂಪು ಚುಕ್ಕಿ ಇದೆ. ರಿಜೆಕ್ಟ್ ಆದ ಮಾಲು ಎಂದರ್ಥ.

ಪೆನ್ನು ಯಾಕೆ ಬೇಕಿತ್ತು ಎಂದು ಹೇಳಿಬಿಡುತ್ತೇನೆ. ಮೇಜಿನ ಮೇಲೆ ಎರಡು ಕಾಗದಗಳಿವೆ. ಒಂದು, ಊರಾಚೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ನನಗೆ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ ಎನ್ನುವ ಪತ್ರ. ಇನ್ನೊಂದು, ಡಿಗ್ರಿ ಕಾಲೇಜಿನಲ್ಲಿ ಗಣಿತ ಓದಲು ಬಿಎಸ್ಸಿಗೆ ಹಾಕುವ ಅರ್ಜಿ. ಎರಡಕ್ಕೂ ನಾಳೆಯೇ ಕೊನೆಯ ದಿನ, ಸಹಿ ಹಾಕಬೇಕಾದ್ದು ಒಂದಕ್ಕೆ ಮಾತ್ರ. ದಾಸರಹಳ್ಳಿಯ ನಮ್ಮ ವಠಾರದ ಎಂಟೂ ಮನೆಗಳು ಕಂಪ್ಯೂಟರಿಗೆ ಓಟು ಹಾಕಿಯಾಗಿದೆ. ಸೆಂಟ್ರಿಂಗ್ ಕೆಲಸಕ್ಕೆಂದು ವೈಟ್‌ಫೀಲ್ಡ್ ಕಡೆ ಇರುವ ಅಪ್ಪ ಫೋನಿನಲ್ಲೇ ಹಾಕಿದ್ದಾನೆ. ಮೂಲೆಮನೆಯ ಆಟೋ ಅಣ್ಣನಂತೂ ಬೆಳಿಗ್ಗೆ ನಲ್ಲಿಯ ಹತ್ತಿರವೇ ನನ್ನನ್ನು ಹಿಡಿದಿದ್ದ.

"ಕಂಪ್ಯೂಟರ್ ತಗೊಂಡ್ಬಿಡಮ್ಮ, ಯೋಚ್ನೆ ಮಾಡೋಕೇನಿದೆ ಇದ್ರಲ್ಲಿ? ಗಣಿತ ಓದಿ ಏನ್ಮಾಡ್ತೀಯ, ಮಗ್ಗಿ ಹೇಳ್ಕೊಂಡು ಕೂತಿರ್ತೀಯಾ?"

ನನಗೆ ಬೇಕಾದ್ದು ಗಣಿತ. ಅದನ್ನು ಹೇಳಲು ಬಾಯಿ ಬರುತ್ತಿಲ್ಲ, ಅದಕ್ಕೇ ಪೆನ್ನಿನ ನೆಪದಲ್ಲಿ ಮನೆಯನ್ನೆಲ್ಲ ಜಾಲಾಡುತ್ತಿದ್ದೇನೆ. ಅವ್ವನಾದರೂ ಏನಾದರೂ ಹೇಳಿಯಾಳು ಎಂದರೆ ಅವಳು ಈ ವಿಷಯದಲ್ಲಿ ವಾರದಿಂದ ತುಟಿ ಬಿಚ್ಚಿಲ್ಲ.

ಈ ಬುಷ್ ಮನೆಗೆ ತಂದವಳು ಅವ್ವನೇ. ನಾನು ಕೈವಾರ ಕಳೆದುಕೊಂಡು ಅಳುತ್ತಿದ್ದಾಗ, "ದುಂಡಗ ಗೆರಿ ಹೊಡೀಬೇಕಲ್ಲ, ಇದನ್ನ ಇಟ್ಕೊಂಡು ಹೊಡಿ" ಎಂದು ಕೈಗಿತ್ತಿದ್ದಳು. ಆ ವರ್ಷ ನನ್ನ ವೃತ್ತಗಳೆಲ್ಲ ಒಂದೇ ಅಳತೆಯವು. ತ್ರಿಜ್ಯ ಎಷ್ಟೇ ಕೊಡಲಿ, ನನ್ನ ಉತ್ತರ ಬುಷ್‌ನಷ್ಟೇ ಇರುತ್ತಿತ್ತು.

ಅವ್ವ ಬಾದಾಮಿ ಕಡೆಯವಳು, ಓದಿದ್ದು ಏಳನೇ ಕ್ಲಾಸು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸ. ಬೇರೆಯವರು ಮಾಡಿದ ಬುಷ್‌ಗಳನ್ನು ಅಳೆದು ಚುಕ್ಕಿ ಇಡುತ್ತಾಳೆ. ಸರಿ ಇದ್ದರೆ ಹಸಿರು, ತಿದ್ದಬಹುದಾದರೆ ಹಳದಿ, ಕೆಟ್ಟೇ ಹೋಗಿದ್ದರೆ ಕೆಂಪು. ಮೂರಕ್ಕೂ ಬೇರೆ ಬೇರೆ ಟ್ರೇ. ಹಳದಿ ಚುಕ್ಕಿಯವು ಹೋಗುವುದು ರಿವರ್ಕ್ ಟ್ರೇಗೆ, ಅಲ್ಲಿಂದ ಮತ್ತೆ ಯಂತ್ರಕ್ಕೆ. ಮನೆಗೆ ಬಂದ ಮೇಲೂ ಅವಳ ಕಣ್ಣಿಗೆ ಬಿಡುವಿಲ್ಲ. ನಾನು ಬಡಿದ ರೊಟ್ಟಿ ಯಾವ ಟ್ರೇಗೆ ಹೋಗುತ್ತದೆ ಎಂದು ನಾನಾಗಿ ಹೇಳುವುದಿಲ್ಲ.

ಒಂಬತ್ತನೇ ತರಗತಿಯಲ್ಲಿ ಗಣಿತದಲ್ಲಿ ಐವತ್ತಕ್ಕೆ ಹನ್ನೊಂದು ಬಂತು. ಉತ್ತರಪತ್ರಿಕೆಯನ್ನು ಹಾಸಿಗೆಯ ಕೆಳಗೆ ಸೇರಿಸಿದೆ. ಇನ್‌ಸ್ಪೆಕ್ಷನ್‌ನವರ ಮನೆಯಲ್ಲಿ ಏನನ್ನಾದರೂ ಬಚ್ಚಿಡುವುದು ಉಂಟೇ? ಭಾನುವಾರ ಕಸ ಗುಡಿಸುವಾಗ ಅದು ಅವ್ವನ ಕೈಗೆ ಬಂತು.

"ನಾನು ಎರಡು ಸಲ ಚೆಕ್ ಮಾಡಿದ್ದೆ ಅವ್ವಾ," ಎಂದೆ.

"ನೀ ಮಾಡಿ ನೀನ ಚೆಕ್ ಮಾಡಿದ್ರ ಹೆಂಗ? ನಮ್ಮ ಕಂಪನ್ಯಾಗ ಮಾಡಿದವ್ರು ಪಾಸ್ ಮಾಡಾಂಗಿಲ್ಲ. ತಮ್ಮ ತಪ್ಪು ತಮ್ಮ ಕಣ್ಣಿಗೆ ಕಾಣಾಂಗಿಲ್ಲ."

ಬೈಯುತ್ತಾಳೆ ಎಂದುಕೊಂಡರೆ ಪೊರಕೆ ಬದಿಗಿಟ್ಟು ನೆಲದ ಮೇಲೆ ಕೂತಳು. ಅವಳಿಗೆ ಬೀಜಗಣಿತ ಬರುವುದಿಲ್ಲ. ಮೇಷ್ಟ್ರ ಕೆಂಪು ಶಾಯಿ ಯಾವ ಸಾಲಿನಲ್ಲಿ ಶುರುವಾಗಿದೆ ಎಂದಷ್ಟೇ ನೋಡುತ್ತ ಹೋದಳು. ಪ್ರತಿ ಲೆಕ್ಕಕ್ಕೂ ಒಂದೇ ಪ್ರಶ್ನೆ: "ಇಲ್ಲಿತನಕ ಸರಿ ಐತೆಲ್ಲ? ಹಂಗಾರ ಇಲ್ಲೇನಾತು?" ನಾನು ಉತ್ತರ ಹೇಳುತ್ತ ಹೋದೆ. ತಪ್ಪಾದ ಒಂಬತ್ತು ಲೆಕ್ಕಗಳಲ್ಲಿ ಎರಡಕ್ಕೆ ಕೆಂಪು ಚುಕ್ಕಿ ಬಿತ್ತು, ಏಳಕ್ಕೆ ಹಳದಿ. ಆ ಏಳರಲ್ಲೂ ನಾನು ಎಡವಿದ್ದು ಒಂದೇ ಜಾಗದಲ್ಲಿ. ಆವರಣದ ಹಿಂದೆ ಮೈನಸ್ ಇದ್ದರೆ, ಬಿಡಿಸುವಾಗ ಒಳಗಿನ ಚಿಹ್ನೆಗಳನ್ನು ಬದಲಿಸುತ್ತಲೇ ಇರಲಿಲ್ಲ.

"ಏಳೂ ಪೀಸು ಒಂದ ಕಡೆ ಕೆಟ್ಟಾವು," ಎಂದಳು ಅವ್ವ. "ಮಷೀನ್ ಕೆಟ್ಟಿಲ್ಲ ತಂಗಿ, ಸೆಟ್ಟಿಂಗ್ ತಪ್ಪೈತಿ."

ಅಲ್ಲಿಯವರೆಗೆ ನನಗೆ ಗಣಿತದ ತಲೆಯೇ ಇಲ್ಲ ಎಂದು ನಂಬಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಅದರಲ್ಲಿ ಒಂದು ಸುಖವೂ ಇತ್ತು. ತಲೆಯೇ ಇಲ್ಲದವರು ಓದುವುದೇಕೆ? ಹತ್ತನೇ ತರಗತಿ ಮುಗಿದ ಮೇಲೆ ಗಣಿತದ ಮುಖ ನೋಡದ ಕೋರ್ಸು ಯಾವುದೆಂದು ಆಗಲೇ ವಿಚಾರಿಸಿಟ್ಟಿದ್ದೆ. ಅವ್ವ ಒಂದು ಮಾತಿನಲ್ಲಿ ಆ ಸುಖವನ್ನು ಕಿತ್ತುಕೊಂಡಳು. ಅಂದಿನಿಂದ ಪ್ರತಿ ಭಾನುವಾರ ರೊಟ್ಟಿ ಊಟದ ನಂತರ ರಿವರ್ಕ್. ಶುರುವಿನಲ್ಲಿ ಅವಳ ಮೇಲಿನ ಸಿಟ್ಟಿಗೆ ಮಾಡುತ್ತಿದ್ದೆ. ಯಾವಾಗ ಇಷ್ಟವಾಯಿತೋ ಗೊತ್ತಿಲ್ಲ. ಒಂದು ಭಾನುವಾರ ಅವಳು ನೆಂಟರ ಮನೆಗೆ ಹೋದಾಗ ಒಬ್ಬಳೇ ಕೂತು ಲೆಕ್ಕ ಮಾಡುತ್ತಿದ್ದೆ, ಅಷ್ಟು ನೆನಪಿದೆ.

ಅವ್ವನ ಪಾಠಕ್ಕೆ ಅಡ್ಡಪರಿಣಾಮವೂ ಇತ್ತು. ಅವಳ ಪ್ರಕಾರ, ಪಕ್ಕದಲ್ಲಿ ಪ್ಲಸ್ ಮೈನಸ್ ಇಲ್ಲದ ಅಳತೆಯನ್ನು ನಂಬಬಾರದು. ಕಾರ್ಖಾನೆಯಲ್ಲಿ ಯಾವುದೂ ಬರೀ ಇಪ್ಪತ್ತೈದು ಮಿಲಿಮೀಟರ್ ಇರುವುದಿಲ್ಲ; ಇಷ್ಟು ಹೆಚ್ಚಾದರೆ ನಡೆಯುತ್ತದೆ, ಇಷ್ಟು ಕಡಿಮೆಯಾದರೆ ನಡೆಯುತ್ತದೆ ಎಂದು ಜೊತೆಗೇ ಬರೆದಿರುತ್ತಾರೆ. ಹತ್ತನೇ ತರಗತಿಯಲ್ಲಿ ಗೋಪುರದ ಎತ್ತರ ಕಂಡುಹಿಡಿಯುವ ಲೆಕ್ಕಕ್ಕೆ ನಾನು ಮೂವತ್ತು ಮೀಟರ್ ಎಂದು ಬರೆದು, ಮುಂದೆ ಪ್ಲಸ್ ಮೈನಸ್ ಸೊನ್ನೆ ಪಾಯಿಂಟ್ ಐದು ಸೇರಿಸಿದೆ. ಮೇಷ್ಟ್ರು ಕರೆದರು.

"ಏನಮ್ಮ ಇದು, ಗೋಪುರ ಬೆಳೀತಾ ಇದ್ಯೋ, ಇಳೀತಾ ಇದ್ಯೋ?"

"ಅಳತೆ ಅಂದ್ಮೇಲೆ ಇರ್ಬೇಕಂತೆ ಸಾರ್. ನಮ್ಮಮ್ಮ ಹೇಳಿದ್ದು."

ಶಾಲೆಯಲ್ಲಿ ಅವಳು ಅಮ್ಮ, ಮನೆಯಲ್ಲಿ ಅವ್ವ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ನಿಮ್ಮಮ್ಮ ಹೇಳಿರೋದು ಸರಿ," ಎಂದರು. "ಆದ್ರೆ ಬೋರ್ಡ್ ಪರೀಕ್ಷೇಲಿ ಬರೀಬೇಡ. ಪೇಪರ್ ನೋಡೋರ್ಗೆ ನಿಮ್ಮಮ್ಮ ಹೇಳಿರಲ್ಲ."

ಇದನ್ನು ಹೇಳಿದಾಗ ಅವ್ವ ಬಿದ್ದು ಬಿದ್ದು ನಕ್ಕಳು. ರೇಖೆಗೆ ದಪ್ಪವೇ ಇಲ್ಲ ಎಂದು ನಮ್ಮ ಪುಸ್ತಕದಲ್ಲಿದೆ ಎಂದಾಗ ಮಾತ್ರ ನಗಲಿಲ್ಲ. "ದಪ್ಪ ಇಲ್ದ ಗೆರಿ ಹೆಂಗ ಕಾಣತೈತಿ?" ಎಂದು ಕೇಳಿದಳು. ಕಾಣುವುದಿಲ್ಲ, ಮನಸ್ಸಿನಲ್ಲೇ ಇರುತ್ತದೆ ಎಂದೆ. "ಚಲೋ ಐತಿ," ಎಂದಳು. ನಾನು ಗಣಿತವನ್ನೇ ಓದಬೇಕೆಂದುಕೊಂಡದ್ದು ಆಗಲೇ ಇರಬೇಕು. ದಿನವಿಡೀ ಕೂದಲೆಳೆಯಷ್ಟು ಹೆಚ್ಚುಕಡಿಮೆ ಹುಡುಕುವವಳಿಗೆ, ಎಲ್ಲವೂ ಸರಿಯಾಗಿ ಕೂಡುವ ಒಂದು ಜಾಗದ ಸುದ್ದಿ ತಂದು ಹೇಳುವುದು ನನಗೆ ಅಷ್ಟು ಖುಷಿ ಕೊಟ್ಟಿತ್ತು.

ಹೀಗೆ ಕೂತಿರುವಾಗಲೇ ಚಪ್ಪಲಿಯ ಸದ್ದಾಯಿತು. ಶಿಫ್ಟ್ ಮುಗಿಸಿ ಅವ್ವ ಬಂದಳು, ಡಬ್ಬಿಯಲ್ಲಿದ್ದ ವಾಸನೆಯೇ ಅವಳೊಂದಿಗೂ ಬಂತು. ಕೈಕಾಲು ತೊಳೆದು ಬಂದಾಗ ಎರಡೂ ಕಾಗದಗಳನ್ನು ಅವಳ ಮುಂದಿಟ್ಟೆ.

"ಯಾವುದಕ್ಕೆ ಸಹಿ ಹಾಕ್ಲಿ, ನೀನೇ ನೋಡಿ ಹೇಳು."

ಕಾಗದಗಳನ್ನು ದೂರ ಹಿಡಿದು ಓದಿ ಕೆಳಗಿಟ್ಟಳು. "ಇದನ್ನ ನಾ ಪಾಸ್ ಮಾಡಾಂಗಿಲ್ಲ."

"ಯಾಕೆ?"

"ನಿನ್ನ ಹಡದು ಇಷ್ಟುದ್ದ ಮಾಡಿದಾಕಿ ನಾನ ಅಲ್ಲೇನು? ಮಾಡಿದವ್ರು ಪಾಸ್ ಮಾಡಬಾರ್ದು. ಅದಕ್ಕ ವಾರದಿಂದ ಬಾಯಿ ಮುಚ್ಕೊಂಡು ಕುಂತೀನಿ. ನೀ ಹೇಳು."

"ಗಣಿತ," ಎಂದೆ. ಜೋರಾಗಿ ಹೇಳಿದ್ದು ಅದೇ ಮೊದಲು.

"ಪ್ಲಸ್ ಮೈನಸ್ ಎಷ್ಟು?"

ಸೊನ್ನೆ ಎನ್ನಬೇಕೆಂದಿದ್ದೆ, ಆದರೆ ಅಳತೆಯ ವಿಷಯದಲ್ಲಿ ಅವಳ ಮುಂದೆ ಸುಳ್ಳು ನಡೆಯುವುದಿಲ್ಲ. "ಸ್ವಲ್ಪ ಹೆದರಿಕಿ ಐತಿ," ಎಂದೆ. ದಾಸರಹಳ್ಳಿಯಲ್ಲೇ ಬೆಳೆದ ನನ್ನ ಬಾಯಲ್ಲಿ ಬಾದಾಮಿಯ ಮಾತು ತಾನಾಗಿ ಬಂದಿತ್ತು.

"ಅಷ್ಟು ಇರಬೇಕು," ಎಂದಳು ಅವ್ವ. "ಒಂಚೂರೂ ಸಂದಿ ಇಲ್ಲಂದ್ರ ಬುಷ್‌ನ್ಯಾಗ ಶಾಫ್ಟ್ ತಿರುಗಾಂಗಿಲ್ಲ."

ತನ್ನ ಬ್ಯಾಗಿನಿಂದ ಪೆನ್ನು ತೆಗೆದುಕೊಟ್ಟಳು. ಅರ್ಜಿಗೆ ಸಹಿ ಹಾಕಿದೆ. ಅಪ್ಪನಿಗೆ ಫೋನು ಮಾಡಬೇಕು, ನಾಳೆ ನಲ್ಲಿಯ ಹತ್ತಿರ ಆಟೋ ಅಣ್ಣನಿಗೆ ಮುಖ ತೋರಿಸಬೇಕು. ಅಷ್ಟರಲ್ಲಿ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದಿನ ನಡುವೆ ಅವ್ವನ ದನಿ ಬಂತು: "ಅದರ ಮ್ಯಾಲ ಏನರೆ ಇಡು, ಫ್ಯಾನಿಗೆ ಹಾರೀತು."

ಬುಷ್ ಎತ್ತಿ ಅರ್ಜಿಯ ಮೇಲಿಟ್ಟೆ, ಕೆಂಪು ಚುಕ್ಕಿಯನ್ನು ಕೆಳಮುಖ ಮಾಡಿ.