ಕಂಬಳಿಯ ಮೇಲೆ ಬಿಚ್ಚಿದ ಕಂಪ್ಯೂಟರ್

ಮುಚ್ಚಿದ ಡಬ್ಬಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಅಪ್ಪನ ಬ್ಯಾಟರಿ ಲೈಟು, ಅವ್ವನ ಹೊಲಿಗೆ ಮಿಷನ್ನು, ಪಕ್ಕದ ಮನೆಯವರ ರೇಡಿಯೊ, ಯಾವುದನ್ನೂ ಬಿಟ್ಟವಳಲ್ಲ. ಬಿಚ್ಚಿದ್ದರಲ್ಲಿ ಅರ್ಧದಷ್ಟನ್ನು ಮತ್ತೆ ಕೂಡಿಸಲು ಬರುತ್ತಿರಲಿಲ್ಲ, ಅದು ಬೇರೆ ಮಾತು. ಹಾಗಾಗಿ ಚಳ್ಳಕೆರೆಯ ನಮ್ಮ ಮನೆಗೆ ಕಂಪ್ಯೂಟರ್ ಬಂದ ವಾರದೊಳಗೇ ಅದರ ಮಗ್ಗುಲಿನ ತಗಡು ಕಳಚಿ ಗೋಡೆಗೆ ಒರಗಿ ನಿಂತಿತ್ತು. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿದ್ದ ಕಾಲ ಅದು. ಡಿಗ್ರಿ ಮುಗಿಸಿ, ಆರು ತಿಂಗಳ ಹಾರ್ಡ್‌ವೇರ್ ಕೋರ್ಸನ್ನೂ ಮುಗಿಸಿ ಮನೆಯಲ್ಲಿದ್ದೆ.

ನಾನು ಕೊಂಡ ದಿನವೇ, ಚಿತ್ರದುರ್ಗದ ಅದೇ ಅಂಗಡಿಯಲ್ಲಿ, ಅಂಥದ್ದೇ ಇನ್ನೊಂದು ಕಂಪ್ಯೂಟರನ್ನು ನನ್ನ ಕಾಲೇಜಿನ ಗೆಳತಿಯೂ ಕೊಂಡಿದ್ದಳು. ಅವಳದು ಮೊಳಕಾಲ್ಮುರು. ಮನೆಮಾತು ತೆಲುಗು, ಮನೆಯ ನಡುವೆ ರೇಷ್ಮೆ ಸೀರೆಯ ಮಗ್ಗ. ನಾನು ಬಿಚ್ಚುವ ಆಸೆಗೆ ಕೊಂಡರೆ ಅವಳು ಕೊಂಡಿದ್ದಕ್ಕೆ ಬೇರೆಯೇ ಕಾರಣವಿತ್ತು. ಅವಳ ತಂದೆ, ಅವಳ ಮಾತಿನಲ್ಲಿ 'ನಾಯನ', ಸೀರೆಯ ಅಂಚಿಗೆ ಚಿತ್ತಾರ ಬರೆಯುತ್ತಿದ್ದವರು. ಚೌಕುಳಿ ಹಾಳೆಯ ಮೇಲೆ ಒಂದೊಂದೇ ಮನೆ ತುಂಬುತ್ತಾ ಹಂಸ, ನವಿಲು, ರುದ್ರಾಕ್ಷಿ, ಮಾವಿನಕಾಯಿ ಎಲ್ಲವನ್ನೂ ಬರೆದಿಟ್ಟಿದ್ದರು. ಒಂದು ಮನೆ ಅಂದರೆ ಒಂದು ಎಳೆ. ಕೊನೆಯ ವರ್ಷ ಕೈ ನಡುಗುತ್ತಿದ್ದರೂ ಬಿಟ್ಟಿರಲಿಲ್ಲವಂತೆ. ಅವರು ತೀರಿಕೊಂಡ ಮೇಲೆ ಟ್ರಂಕಿನ ತಳದಿಂದ ಗೆದ್ದಲು ಏರತೊಡಗಿತು. ಆ ಹಾಳೆಗಳು ಪುಡಿಯಾಗುವ ಮೊದಲೇ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಬೇಕೆಂದು ಇವಳು ಹಟ ಹಿಡಿದಳು. ದಿನಾ ಮಧ್ಯಾಹ್ನ ಮಗ್ಗ ಬಿಟ್ಟೆದ್ದು ಚಿತ್ರ ಬರೆಯುವ ಪ್ರೋಗ್ರಾಮಿನಲ್ಲಿ ಚೌಕ ಚೌಕ ಒತ್ತುತ್ತಾ ಕೂತಳು. ಎರಡು ವರ್ಷ! ನಾನಾಗಿದ್ದರೆ ಎರಡನೇ ದಿನಕ್ಕೇ ಮೌಸನ್ನು ಬಾವಿಗೆ ಎಸೆಯುತ್ತಿದ್ದೆ. ಅವಳು ಕೊನೆಯ ಹಾಳೆ ಮುಗಿಸುವಷ್ಟರಲ್ಲಿ ಮೊದಲ ಹಾಳೆಗಳು ಮಣ್ಣಾಗಿದ್ದವು.

ಇತ್ತ ನಾನು ಊರಿನಲ್ಲಿ ಸಣ್ಣ ಡಾಕ್ಟರಾಗಿದ್ದೆ. ಯಾರ ಮನೆಯ ಕಂಪ್ಯೂಟರ್ ಕೆಮ್ಮಿದರೂ ಕರೆ ಬರುತ್ತಿತ್ತು. ಎಣ್ಣೆ ಮಿಲ್ಲುಗಳ ಊರು, ಫ್ಯಾನು ಬಿಚ್ಚಿದರೆ ಕಡಲೆಕಾಯಿ ಸಿಪ್ಪೆಯ ಧೂಳು ಹಿಡಿಹಿಡಿ ಬರುತ್ತಿತ್ತು. ಓಣಿಯ ಆಚೆ ಬದಿಯಲ್ಲಿ ಉರ್ದು ಶಾಲೆಯಿಂದ ನಿವೃತ್ತರಾದ ಮೇಷ್ಟ್ರೊಬ್ಬರಿದ್ದರು. ಅವರ ಮನೆಯಲ್ಲಿ ಪ್ರಿಂಟರಿತ್ತು, ನಮ್ಮಲ್ಲಿರಲಿಲ್ಲ. ನಮ್ಮ ಕಿಟಕಿಯಿಂದ ಬೇವಿನ ಮರದ ಕೊಂಬೆಯ ಮೇಲೆ ಹಾಯಿಸಿ ಅವರ ಕಿಟಕಿಯವರೆಗೆ ನೀಲಿ ಕೇಬಲ್ಲು ಎಳೆದೆ. ನಾನಿಲ್ಲಿ ಗುಂಡಿ ಒತ್ತಿದರೆ ಅಲ್ಲಿ ಹಾಳೆ ಹೊರಬರುತ್ತಿತ್ತು. ಮೇಷ್ಟ್ರು ಅದನ್ನು ಬೀಸುತ್ತಾ ಬಾಗಿಲಿಗೆ ಬಂದು "ಅರೆ ಬೇಟಾ, ನಿನ್ ಕಾಗದ ಮರ ಹತ್ತಿ ಇಳ್ದು ಬಂತು ನೋಡು!" ಎಂದು ಪ್ರತಿಸಲವೂ ಅದೇ ಬೆರಗಿನಲ್ಲಿ ಕೂಗುತ್ತಿದ್ದರು.

ರಿಪೇರಿಗೆ ಬಂದ ಯಾವ ಪೆಟ್ಟಿಗೆಯನ್ನೂ ಅಪ್ಪ ಬರಿ ನೆಲದ ಮೇಲೆ ಇಡಗೊಡುತ್ತಿರಲಿಲ್ಲ. ಉಳ್ಳಾರ್ತಿ ಕಾವಲ್ ಕಡೆ ಅರ್ಧ ಆಯುಷ್ಯ ಕುರಿ ಕಾದು, ಮಂಡಿನೋವು ಬಂದ ಮೇಲೆ ಮನೆ ಹಿಡಿದವನು. ನಮ್ಮ ಮನೆಗಳಲ್ಲಿ ದೇವರು ಬಂದರೂ ಕಂಬಳಿ, ಹಿರಿಯರು ಬಂದರೂ ಕಂಬಳಿ. "ಮಂದಿ ನಂಬಿ ಕೊಟ್ಟಿರೋ ಸಾಮಾನು ಕಣವ್ವ" ಎಂದು ತನ್ನ ಕರಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸುತ್ತಿದ್ದ. ನಾನು ಅದರ ಮೇಲೆ ಕಾಲು ಮಡಿಚಿ ಕೂತು ಕೆಲಸ ಮಾಡುತ್ತಿದ್ದೆ. ನನಗೂ ಅದು ಇಷ್ಟವೇ. ಸ್ಕ್ರೂ ಬಿದ್ದರೂ ಉರುಳಿ ಹೋಗುವುದಿಲ್ಲ.

ಆದರೆ ಒಂದು ವಿಚಿತ್ರ ನನ್ನ ತಲೆ ತಿನ್ನುತ್ತಿತ್ತು. ಒಮ್ಮೊಮ್ಮೆ, ಚೆನ್ನಾಗಿದ್ದ ಭಾಗ ನನ್ನ ಕೈಯಲ್ಲೇ ಸಾಯುತ್ತಿತ್ತು. ಹೊಸ ರ‍್ಯಾಮ್ ಕಡ್ಡಿ ಹಾಕಿ ಸ್ವಿಚ್ ಒತ್ತಿದರೆ ಬರೀ ಕೀ ಕೀ ಎಂಬ ಕೂಗು. ಇನ್ನೊಮ್ಮೆ ಸೌಂಡ್ ಕಾರ್ಡು. ಕರೆಂಟಿನ ಏರಿಳಿತವೆಂದು ಬೈದೆ, ಧೂಳನ್ನು ಬೈದೆ, ಅಂಗಡಿಯವನು ಹಳೆಯದಕ್ಕೆ ಹೊಸ ಕವರು ಹಾಕಿ ಕೊಟ್ಟನೆಂದು ಅವನ ಜೊತೆ ಜಗಳವನ್ನೂ ಆಡಿ ಬಂದೆ. ಸಾಲದ್ದಕ್ಕೆ ಬೆರಳ ತುದಿಗೆ ಆಗಾಗ ಚುರ್ ಎನ್ನುತ್ತಿತ್ತು. ಪ್ಲಗ್ಗು ಕಿತ್ತಿಟ್ಟ ಪೆಟ್ಟಿಗೆಯಲ್ಲಿ ಎಲ್ಲಿಯ ಕರೆಂಟು? ಕೊನೆಗೆ ನೋಟ್‌ಬುಕ್ಕಿನಲ್ಲಿ ಸತ್ತವುಗಳ ಪಟ್ಟಿ ಬರೆಯತೊಡಗಿದೆ. ಪಟ್ಟಿ ನೋಡಿದರೆ ಸಾವೆಲ್ಲ ದೀಪಾವಳಿಯಿಂದ ಶಿವರಾತ್ರಿಯ ಒಳಗೆ. ಮಳೆಗಾಲದಲ್ಲಿ ಒಂದೂ ಇಲ್ಲ. ಕಂಪ್ಯೂಟರಿಗೂ ಚಳಿಜ್ವರ ಬರುತ್ತದೆಯೇ ಎಂದು ಮೇಷ್ಟ್ರನ್ನು ಕೇಳಿ ನಗೆಪಾಟಲಾದೆ.

ಚಿತ್ತಾರಗಳೆಲ್ಲ ಮುಗಿದ ವರ್ಷ, ಸಂಕ್ರಾಂತಿ ಕಳೆದ ಮೇಲೆ ಗೆಳತಿ ಬಂದಳು. ಅವಳ ಒಂದೊಂದು ಚಿತ್ತಾರವೂ ಫ್ಲಾಪಿಯಲ್ಲಿ ಹಿಡಿಸದಷ್ಟು ದೊಡ್ಡದು, ಸಿಡಿ ಬರೆಯುವ ಯಂತ್ರ ನಮ್ಮಿಬ್ಬರಲ್ಲೂ ಇರಲಿಲ್ಲ. ಇರುವುದೊಂದೇ ಪ್ರತಿ ಎಂಬ ಭಯ ಅವಳಿಗಿಂತ ನನಗೇ ಹೆಚ್ಚಾಗಿ, "ಹೊತ್ಕೊಂಡು ಬಾರೇ, ನೆಟ್‌ವರ್ಕ್ ಕಾರ್ಡು ಹಾಕಿ ಕೇಬಲ್ಲಿನಾಗೆ ನನ್ನ ಕಂಪ್ಯೂಟರಿಗೂ ಒಂದು ಪ್ರತಿ ಇಳಿಸ್ಕೊಂತೀನಿ" ಎಂದು ನಾನೇ ಫೋನು ಮಾಡಿ ಕರೆಸಿದ್ದೆ. ಪೆಟ್ಟಿಗೆಯನ್ನು ಹಳೆ ಸೀರೆಯಲ್ಲಿ ಸುತ್ತಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದಳು.

"ತಳಕು ಹತ್ರ ಬಸ್ಸು ಎಗರಿದಾಗ ನನ್ ಜೀವ ಹೋಗಿ ಬಂತಮ್ಮಾ" ಎಂದು ಉಸಿರುಬಿಟ್ಟಳು.

ಅಪ್ಪ ಕಂಬಳಿ ಹಾಸಿದ. ಅವಳ ಪೆಟ್ಟಿಗೆಗೆಂದು ಅಂದು ಇನ್ನೊಂದು ಮಡಿಕೆ ಹೆಚ್ಚಾಗಿಯೇ ಹಾಕಿದ. ನಾನು ತಗಡು ತೆಗೆದು, ಕಾರ್ಡಿಗೆ ಜಾಗ ಮಾಡಲು ಹಾರ್ಡ್ ಡಿಸ್ಕಿನ ಕೇಬಲ್ಲು ಕಿತ್ತು, ಡಿಸ್ಕನ್ನು ಹೊರಗೆಳೆದೆ. ಬೆರಳು ಅದರ ಅಡಿಯ ಹಸಿರು ಸರ್ಕ್ಯೂಟ್ ಹಲಗೆಗೆ ತಾಗಿತು. ಚುರ್. ಇದ್ದದ್ದೇ ಬಿಡು ಎಂದು ಕಾರ್ಡು ಹಾಕಿ, ಎಲ್ಲವನ್ನೂ ಮೊದಲಿನಂತೆ ಜೋಡಿಸಿ ಸ್ವಿಚ್ ಒತ್ತಿದೆ.

ಫ್ಯಾನು ತಿರುಗಿತು. ಡಿಸ್ಕು ತಿರುಗಲಿಲ್ಲ. ಏಳುವಾಗ ಅದು ಮಾಡುತ್ತಿದ್ದ ಗುಂಯ್ ಎಂಬ ಸದ್ದಿಗೆ ಕಿವಿಗೊಟ್ಟು ಕೂತೆ, ಬರಲಿಲ್ಲ. ಬಿಚ್ಚಿ ಮತ್ತೆ ಹಾಕಿದೆ. ಕೇಬಲ್ಲು ಬದಲಿಸಿದೆ. ನನ್ನ ಕಂಪ್ಯೂಟರಿಗೆ ಜೋಡಿಸಿ ನೋಡಿದೆ. ಊಹೂಂ.

"ಏನಾಯ್ತೇ?" ಅಂದಳು ಗೆಳತಿ.

ಸುಳ್ಳು ಹೇಳುವ ಮನಸ್ಸಾಯಿತು. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಡಿಸ್ಕು ಏಳ್ತಿಲ್ಲ ಕಣೇ" ಅಂದೆ. ಅವಳು ಬೈಯಲಿಲ್ಲ, ಅಳಲಿಲ್ಲ. ತಂದ ಸೀರೆಯನ್ನು ಮಡಚತೊಡಗಿದಳು, ಬಿಚ್ಚಿ ಮತ್ತೆ ಮಡಚಿದಳು. ಬೈದಿದ್ದರೆ ಚೆನ್ನಾಗಿತ್ತು. ಎರಡು ವರ್ಷದ ಅವಳ ಮಧ್ಯಾಹ್ನಗಳನ್ನು, ಅವಳ ತಂದೆಯ ಇಡೀ ಬದುಕನ್ನು, ಕಾಪಾಡುತ್ತೇನೆಂದು ಕರೆಸಿ ಕೊಂದಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ಕಣ್ಣೀರು ತಡೆಯಲಾಗದೆ ಬೆರಳು ತಿಕ್ಕುತ್ತಾ ಕೂತೆ.

ಕಟ್ಟೆಯ ಮೇಲಿದ್ದ ಅಪ್ಪ ಅದನ್ನು ನೋಡಿದ. "ಚುರ್ ಅಂತಾ?" ಎಂದು ಕೇಳಿದ.

"ಯಾವಾಗ್ಲೂ ಅಂತೈತೆ."

"ಉಣ್ಣೆ ಕಚ್ತೈತೆ ಕಣವ್ವ, ಚಳಿಗಾಲ್ದಾಗೆ. ಮಳೆ ಬಿದ್ದು ಗಾಳಿ ಹಸಿಯಾದ್ರೆ ಕಚ್ಚಲ್ಲ."

ನಾನು ಅವನನ್ನೇ ನೋಡಿದೆ. ವರ್ಷಗಟ್ಟಲೆ ನೋಟ್‌ಬುಕ್ಕಿನಲ್ಲಿ ಹುಡುಕಿದ್ದು ನಮ್ಮ ಮನೆಯ ಕಟ್ಟೆಯ ಮೇಲೇ ಎಲೆ ಅಡಿಕೆ ಹಾಕಿಕೊಂಡು ಕೂತಿತ್ತು. "ನಿಂಗೆ ಗೊತ್ತಿತ್ತಾ?"

"ಕುರಿ ಕಾದೋರಿಗೆಲ್ಲ ಗೊತ್ತು."

"ಮತ್ಯಾಕೆ ಇಷ್ಟು ದಿನ ಬಾಯಿ ಬಿಡ್ಲಿಲ್ಲ?" ಎಂದು ರೇಗಿದೆ.

"ನೀನು ಕರೆಂಟು ಕರೆಂಟು ಅಂತಿದ್ದೆ. ಕರೆಂಟಿನ ವಿಷ್ಯ ನಂಗೇನು ಗೊತ್ತೈತೆ?"

ಎದ್ದು ಕಂಬಳಿ ಎಳೆದುಕೊಂಡು ನಮ್ಮಿಬ್ಬರನ್ನೂ ಕಾಳು ತುಂಬಿಡುವ ಕೋಣೆಗೆ ಕರೆದ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಬಾಗಿಲು ಹಾಕಿದರೆ ಒಳಗೆ ಕಗ್ಗತ್ತಲು. ಅಪ್ಪ ಕಂಬಳಿಯ ಮಡಿಕೆಗಳನ್ನು ಉಜ್ಜಿ ಒಮ್ಮೆಲೇ ಎಳೆದು ಬೇರೆ ಮಾಡಿದ. ಚಟಚಟ ಸದ್ದಿನೊಂದಿಗೆ ಅದರ ಮೇಲೆಲ್ಲ ಸಣ್ಣ ನೀಲಿ ಕಿಡಿಗಳು ಹರಿದವು. "ಅಮ್ಮೋ!" ಎಂದು ಗೆಳತಿ ನನ್ನ ತೋಳು ಹಿಡಿದಳು. ನನಗೋ, ಅಂಥ ಸಂಕಟದಲ್ಲೂ ಇನ್ನೊಮ್ಮೆ ನೋಡುವ ಆಸೆ. "ಇನ್ನೊಂದ್ಸಲ ಮಾಡಪ್ಪ" ಅಂದೆ. ಮೂರು ಸಲ ಮಾಡಿಸಿದೆ. ಮೈಯಲ್ಲಿ ಇಂಥ ಕರೆಂಟು ಕೂಡಿ ಭಾಗಗಳನ್ನು ಸುಡದಂತೆ ಕೈಗೆ ಪಟ್ಟಿ ಕಟ್ಟಿಕೊಳ್ಳಬೇಕೆಂದು ಕೋರ್ಸಿನ ಪುಸ್ತಕದಲ್ಲಿ ಎರಡು ಸಾಲಿದ್ದದ್ದು ಆಗ ನೆನಪಾಯಿತು. ಪಟ್ಟಿ ಎಲ್ಲಿ ಸಿಗಬೇಕು ಎಂದು ಪುಟ ಮಗುಚಿದ್ದೆ, ಅಷ್ಟೇ.

ಬೆಳಕಿಗೆ ಬಂದಾಗ ಅಪ್ಪನ ಮುಖ ಸಣ್ಣದಾಗಿತ್ತು. "ಹಂಗಾದ್ರೆ ನನ್ ಕಂಬ್ಳೀನೇ ಕೆಡಿಸ್ತಾ ಈ ಮಗೀನ ಸಾಮಾನು?" ಅಂದ. ಕಂಬಳಿಯನ್ನು ತಾನೇ ಮಡಿಚಿ ಒಳಗೆ ಇಟ್ಟುಬಂದ.

ಆದರೆ ಆ ಕಿಡಿಯೇ ನನಗೊಂದು ದಾರಿ ತೋರಿಸಿತ್ತು. ಕಿಡಿ ಹೊಡೆದದ್ದು ಅಡಿಯ ಹಸಿರು ಹಲಗೆಗೆ. ಚಿತ್ತಾರಗಳಿರುವುದು ಅದರ ಮೇಲಿನ ಮುಚ್ಚಿದ ಡಬ್ಬಿಯೊಳಗಿನ ತಟ್ಟೆಗಳಲ್ಲಿ. ಸತ್ತಿರುವುದು ಹಲಗೆಯೊಂದೇ ಆದರೆ? ಅದೇ ದಿನ, ಅದೇ ಅಂಗಡಿಯಲ್ಲಿ ಕೊಂಡ ಅಂಥದ್ದೇ ಹಲಗೆ ನನ್ನ ಡಿಸ್ಕಿಗೂ ಇತ್ತಲ್ಲ!

"ನಿಂದು ಬಿಚ್ಚಿದ್ರೆ ನಿಂದೂ ಹೋದ್ರೆ?" ಅಂದಳು ಗೆಳತಿ.

"ಹೋಗ್ಲಿ ಬಿಡೇ, ನಂದ್ರಾಗೆ ಏನೈತೆ, ಇಸ್ಪೀಟಾಟ ಐತೆ."

ಸ್ಕ್ರೂಡ್ರೈವರು ಕೈಗೆತ್ತಿಕೊಂಡೆ. ಅಪ್ಪ ತಡೆದ. ಕಲ್ಲುಚಪ್ಪಡಿಯ ಮೇಲೆ ಎರಡು ಚೊಂಬು ನೀರು ಚೆಲ್ಲಿ, ಒದ್ದೆ ಗೋಣಿಚೀಲ ಹಾಸಿ, "ಅದ್ರ ಮೇಲೆ ಕೂತ್ಕೊ. ಪ್ರತಿಸಲ ಮೊದ್ಲು ನೆಲ ಮುಟ್ಟು, ಆಮೇಲೆ ಅದನ್ನ ಮುಟ್ಟು" ಅಂದ. ಉಣ್ಣೆ ಕತ್ತರಿಸುವಾಗ ಕತ್ತರಿಯನ್ನು ಹಾಗೆ ನೆಲಕ್ಕೆ ತಾಗಿಸಿಕೊಂಡೇ ಕುರಿಗೆ ಹಚ್ಚುತ್ತಿದ್ದರಂತೆ, ಇಲ್ಲದಿದ್ದರೆ ಕುರಿ ಬೆದರುತ್ತದೆ. ಡಿಸ್ಕನ್ನು ಮಣೆಯ ಮೇಲಿಟ್ಟುಕೊಂಡು, ಒಂದೊಂದು ಸ್ಕ್ರೂವಿಗೂ ಒಂದೊಂದು ಸಲ ನೆಲ ಮುಟ್ಟಿದೆ. ನನ್ನ ಡಿಸ್ಕಿನ ಹಲಗೆ ಬಿಚ್ಚಿ ಅವಳ ಡಿಸ್ಕಿಗೆ ಕೂಡಿಸಿ, ಅದನ್ನು ಮತ್ತೆ ಅವಳ ಪೆಟ್ಟಿಗೆಗೆ ಜೋಡಿಸಿದೆ. ಸ್ವಿಚ್ ಒತ್ತಿದೆ.

ಗುಂಯ್.

ಗೆಳತಿ ನೆಲದ ಮೇಲೆ ಕುಸಿದು ಕೂತು ಆಗ ಅತ್ತಳು. ಅವಳನ್ನು ಸಮಾಧಾನ ಮಾಡಲೂ ಹೊತ್ತಿರಲಿಲ್ಲ. ದಿನಾ ಎರಡು ಗಂಟೆಗೆ ಕರೆಂಟು ಹೋಗುತ್ತಿತ್ತು, ಎರವಲು ಹಲಗೆ ಎಷ್ಟು ಹೊತ್ತು ನಡೆಯುತ್ತದೋ ದೇವರೇ ಬಲ್ಲ. ನನ್ನ ಡಿಸ್ಕಿಗೆ ಇಳಿಸೋಣವೆಂದರೆ ಅದೀಗ ಹಲಗೆಯಿಲ್ಲದ ತಗಡು. ಉಳಿದದ್ದು ಬೇವಿನ ಮರದ ಮೇಲಿನ ಕೇಬಲ್ಲು. ಅದನ್ನು ಅವಳ ಪೆಟ್ಟಿಗೆಗೆ ಚುಚ್ಚಿ, "ಮೇಷ್ಟ್ರೇ, ಕಂಪ್ಯೂಟರ್ ಹಚ್ರೀ, ಬೇಗ!" ಎಂದು ಕಿಟಕಿಯಿಂದ ಕಿರುಚಿದೆ.

ಮೇಷ್ಟ್ರು ಹಚ್ಚಿದರು. ಫೈಲುಗಳು ಒಂದೊಂದಾಗಿ ಮರ ದಾಟತೊಡಗಿದವು. ಆಚೆಯಿಂದ ಅವರು ಹಾಜರಿ ಕರೆಯುವ ದನಿಯಲ್ಲಿ ಕೂಗುತ್ತಿದ್ದರು. "ಹಂಸ ಬಂತು! ರುದ್ರಾಕ್ಷಿ ಬಂತು! ಮಾವಿನಕಾಯಿ ದೊಡ್ಡದು, ಮಾವಿನಕಾಯಿ ಸಣ್ಣದು, ಎರಡೂ ಬಂದವು!" ಒಂದೊಂದು ಹೆಸರಿಗೂ ಗೆಳತಿ ತಲೆಯಾಡಿಸುತ್ತಿದ್ದಳು. ಅಪ್ಪ ಓಣಿಯ ನಡುವೆ ನಿಂತು, ಏನಾದರೂ ಕಾಣುತ್ತದೆಯೇ ಎಂದು ಕೇಬಲ್ಲನ್ನೇ ನೋಡುತ್ತಿದ್ದ. ಕೊನೆಯದು ದಾಟಿದಾಗ ಎರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ಎಲ್ಲರೂ ಮೇಷ್ಟ್ರ ಮನೆಗೆ ಹೋಗಿ ಆ ಕೊನೆಯ ಫೈಲನ್ನು ತೆರೆದು ನೋಡಿದೆವು. ನವಿಲಿನ ಅಂಚು. ಪರದೆಯ ತುಂಬ ಚೌಕಗಳು. ನನ್ನ ಕಣ್ಣು ಕೆಟ್ಟ ಕಣ್ಣು, ತಪ್ಪನ್ನೇ ಮೊದಲು ಹುಡುಕುತ್ತದೆ. ನವಿಲಿನ ಜುಟ್ಟಿನ ಹತ್ತಿರ ಒಂದು ಮನೆ ಸಾಲು ಬಿಟ್ಟು ಪಕ್ಕಕ್ಕೆ ಸರಿದಿತ್ತು.

"ಇಲ್ಲೊಂದು ಮನೆ ತಪ್ಪಿ ತುಂಬೀಯ ಕಣೇ, ತಡಿ ಸರಿಮಾಡ್ತೀನಿ" ಎಂದು ಮೌಸ್ ಹಿಡಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು. ಗಟ್ಟಿಯಾಗಿ ಹಿಡಿದಳು.

"ಮುಟ್ಬ್ಯಾಡ. ಅದು ನಾನು ತಪ್ಪಿದ್ದಲ್ಲ. ನಮ್ಮ ನಾಯನ ಕೈ ನಡುಗಿದ್ದು. ಹಾಳೆ ಮ್ಯಾಲೆ ಎಲ್ಲಿತ್ತೋ ಅಲ್ಲೇ ಇಳಿಸೀನಿ."

ನಾನು ಮೌಸ್ ಬಿಟ್ಟೆ. ಅಪ್ಪ ಹಿಂದಿನಿಂದ ಬಂದು ಮಂಡಿನೋವನ್ನು ಮರೆತು ಪರದೆಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಯಾವ ಮನೆ, ತೋರ್ಸವ್ವ" ಅಂದ. ಅವಳು ಗಾಜಿಗೆ ಬೆರಳು ತಾಗಿಸದೆ ತೋರಿಸಿದಳು. ಅಪ್ಪ ನೆಲ ಮುಟ್ಟಿಕೊಂಡು, ಆಮೇಲೆ ತನ್ನ ಬೆರಳನ್ನೂ ಅದರ ಹತ್ತಿರ ಒಯ್ದು ತಡೆದು ಹಿಡಿದ.