ಇ-ಟಿಕೆಟ್ಟಿನಲ್ಲಿ ಅವ್ವನ ಹೆಸರು

ಮೊದಲು ಟಿಂಗ್ ಟಾಂಗ್ ಎಂದು ಗಂಟೆ, ಆಮೇಲೆ ಆ ಹೆಂಗಸಿನ ಧ್ವನಿ: “ದಯಚೇಸಿ ವಿನಂಡಿ.” ದಯವಿಟ್ಟು ಕೇಳಿ ಅಂತೆ. ಯಾವ ಸ್ಟೇಷನ್ನಿನಲ್ಲಿ ಇದು ಕಿವಿಗೆ ಬಿದ್ದರೂ ಇವತ್ತಿಗೂ ನನ್ನ ಮೈ ಉರಿಯುತ್ತದೆ. ತೆಲುಗು, ಹಿಂದಿ, ಇಂಗ್ಲಿಷು, ಮೂರರಲ್ಲೂ ಅದೇ ಸಿಹಿ, ಅದೇ ನಯ. ವಿಜಯವಾಡದ ಪ್ಲಾಟ್‌ಫಾರಮ್ಮಿನಲ್ಲಿ ನಾನೂ ನನ್ನ ಅವ್ವನೂ ಸೂಟ್‌ಕೇಸಿನ ಮೇಲೆ ಕೂತು ಆ ಸಿಹಿಯನ್ನು ಹೊಟ್ಟೆ ತುಂಬ ಕೇಳಿದ್ದೇವೆ. ಆಗ ನನಗೆ ಹನ್ನೆರಡು ವರ್ಷ.

ನಾವು ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ಪಿನವರು. ಅಪ್ಪ ಊದುಕುಲುಮೆಯ ಎಂಜಿನಿಯರು, ಹುಟ್ಟಿದ್ದು ಧಾರವಾಡದ ಕಡೆ. ನಮ್ಮ ಕ್ವಾರ್ಟರ್ಸಿನ ಕಿಟಕಿ ಸರಳುಗಳನ್ನು ಅವ್ವ ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಕೆಂಪು ಧೂಳು. ಒಣಹಾಕಿದ ಬಿಳಿ ಪಂಚೆಗೂ ಅದೇ ಬಣ್ಣ. ಅವ್ವ ಬಸ್ಸು ಹತ್ತಿ ಗಾಜುವಾಕಕ್ಕೆ ಹೋಗಿ, ಅಂಗಡಿ ಅಂಗಡಿ ಅಲೆದು ಜೋಳದ ಹಿಟ್ಟು ಹುಡುಕಿ ತರುತ್ತಿದ್ದಳು. ರೊಟ್ಟಿ ಬಡಿಯುವ ಸದ್ದು ಕೇಳಿ ಕೆಳಗಿನ ಮನೆಯ ತೆಲುಗಿನವರು ಮೊದಮೊದಲು ಜಗಳಕ್ಕೆ ಬಂದಿದ್ದರು, ಆಮೇಲೆ ರೊಟ್ಟಿಗೇ ಬರತೊಡಗಿದರು. ಆ ಮನೆಯಲ್ಲಿ ಈಗ ಯಾರೋ ಇದ್ದಾರೆ. ರೊಟ್ಟಿಯ ಸದ್ದಂತೂ ಇಲ್ಲ.

ಬೇಸಿಗೆ ರಜೆಗೆ ಊರಿಗೆ ಹೋಗುವುದೆಂದರೆ ಟೌನ್‌ಶಿಪ್ಪಿನ ಕನ್ನಡದವರಿಗೆಲ್ಲ ಒಂದೇ ಸಂಭ್ರಮ. ರಿಸರ್ವೇಶನ್ ತೆರೆಯುವ ದಿನ ನಾಲ್ಕೈದು ಗಂಡಸರು ಕತ್ತಲಿರುವಾಗಲೇ ಸ್ಟೇಷನ್ನಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದರು. ಹಿಂದಿನಿಂದ ಯಾರದಾದರೂ ಮನೆಯ ಉಪ್ಪಿಟ್ಟಿನ ಡಬ್ಬಿ ಹೋಗುತ್ತಿತ್ತು. ಎಲ್ಲರಿಗೂ ರೈಲಿನ ಒಂದೇ ಡಬ್ಬಿಯಲ್ಲಿ, ಅಕ್ಕಪಕ್ಕದ ಸೀಟು ಹಿಡಿದೇ ಅವರು ಮನೆಗೆ ಬರುವುದು. ಹೊರಡುವ ಹೊತ್ತಿಗೆ ಕಾರ್ಖಾನೆಯಿಂದ ಕರೆ ಬಂದು ಯಾರೋ ಒಬ್ಬ ಗಂಡಸು ಉಳಿದುಬಿಡುವುದು ನಮ್ಮಲ್ಲಿ ಮಾಮೂಲು. ಆತ ಪ್ಲಾಟ್‌ಫಾರಮ್ಮಿನಿಂದಲೇ ಕೈ ಬೀಸಿ ಹೋಗುತ್ತಿದ್ದ, ಅವನ ಹೆಂಡತಿ ಮಕ್ಕಳು ಉಳಿದವರ ಜೊತೆ ಹಾಯಾಗಿ ಊರು ಸೇರುತ್ತಿದ್ದರು. ಟಿಕೆಟ್ಟು ಕೈಯಲ್ಲಿದ್ದರೆ ಆಯಿತು, ನೀನು ಯಾರು ಎಂದು ಕೇಳುವವರಿರಲಿಲ್ಲ. ವಿಜಯವಾಡದಲ್ಲಿ ಗಾಡಿ ಬದಲಿಸುವಾಗ ಅಲ್ಲೇ ಹತ್ತಿರದ ಇಬ್ರಾಹಿಂಪಟ್ನಂನಲ್ಲಿದ್ದ ನಮ್ಮ ಕಡೆಯ ಶಾಂತಕ್ಕ ಮೊಸರನ್ನದ ಕ್ಯಾರಿಯರ್ ಹಿಡಿದು ಬರುತ್ತಿದ್ದಳು. ಆಕೆಯ ಗಂಡ ಅಲ್ಲಿನ ಥರ್ಮಲ್ ಪ್ಲಾಂಟಿನಲ್ಲಿದ್ದ. ನಾವು ಯಾವ ಗಾಡಿಗೆ ಬರುತ್ತೇವೆ ಎನ್ನುವುದು ಹೇಗೋ ಆಕೆಗೆ ಗೊತ್ತಾಗಿರುತ್ತಿತ್ತು.

ಆಮೇಲೆ ಇಂಟರ್‌ನೆಟ್ ಟಿಕೆಟ್ ಬಂತು. ದೇಶವೇ ಒಂದು ಬಲೆಯಾಯಿತು, ಮನೆಯಲ್ಲೇ ಕೂತು ಎಲ್ಲಿಂದ ಎಲ್ಲಿಗಾದರೂ ಟಿಕೆಟ್ ತೆಗೆಯಬಹುದು ಎಂದು ಪೇಪರಿನವರು ಬರೆದದ್ದೇ ಬರೆದದ್ದು. ಅಪ್ಪ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಸಾಲಿನಲ್ಲಿ ನಿಲ್ಲುವವರು ಅವನ ಕಣ್ಣಿಗೆ ಹಳೇ ಕಾಲದವರಾದರು. ಒಬ್ಬೊಬ್ಬರೇ ತಂತಮ್ಮ ಕಂಪ್ಯೂಟರಿನ ಮುಂದೆ ಕೂತರು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಪಕ್ಕದ ಮನೆಯವರು ಯಾವಾಗ ಊರಿಗೆ ಹೋದರು, ಯಾವಾಗ ಬಂದರು ಎನ್ನುವುದೂ ನಮಗೆ ತಿಳಿಯದ ಹಾಗಾಯಿತು. ಶಾಂತಕ್ಕನಿಗೆ ಯಾರು ಹೇಳಬೇಕು?

ಹುಬ್ಬಳ್ಳಿಯಲ್ಲಿ ದೊಡ್ಡವ್ವನಿಗೆ ಬೇನೆ ಜಾಸ್ತಿಯಾಗಿದೆ ಎಂದು ಫೋನು ಬಂದದ್ದು ಆ ದಿನಗಳಲ್ಲೇ. ದೊಡ್ಡವ್ವ ಎಂದರೆ ಅವ್ವನ ಅಕ್ಕ. ತಾಯಿಯಿಲ್ಲದ ಅವ್ವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವ್ವನ ಹೆಸರು ಗಿರಿಜಾ. ಅಪ್ಪನಿಗೆ ಆಕೆ ‘ಏ ಇಲ್ನೋಡು’, ಟೌನ್‌ಶಿಪ್ಪಿಗೆ ಮಿಸೆಸ್ ಪಾಟೀಲ, ತರಕಾರಿಯವಳಿಗೆ ಮೇಡಂಗಾರು. ‘ಗಿರ್ಜಿ’ ಎಂದು ಕರೆಯುವ ಜೀವ ಈ ಭೂಮಿಯ ಮೇಲೆ ಅದೊಂದೇ ಇತ್ತು. ಫೋನು ಇಟ್ಟವಳೇ ಅವ್ವ ಅಪ್ಪನಿಗೆ, “ಅಕ್ಕ ಕಣ್ಣ ಮುಚ್ಚೂದ್ರಾಗ ನಾ ಆಕಿ ಮುಂದ ಕುಂತಿರಬೇಕ್ರಿ,” ಅಂದಳು. ಬೇರೇನೂ ಕೇಳಲಿಲ್ಲ.

ಅಪ್ಪ ಆಫೀಸಿನ ಕಂಪ್ಯೂಟರಿನಲ್ಲಿ ವಿಜಯವಾಡದಿಂದ ಹುಬ್ಬಳ್ಳಿಗೆ ಮೂವರಿಗೂ ಟಿಕೆಟ್ ತೆಗೆದ. ಹಾಳೆಯನ್ನು ತಂದು ಊಟದ ಮೇಜಿನ ಮೇಲಿಟ್ಟು, “ನೋಡು, ಕನ್ಫರ್ಮ್!” ಎಂದು ಹಿಗ್ಗಿದ. ಗುರುತಿನ ಚೀಟಿ ಎಂದಿದ್ದ ಕಡೆ ತನ್ನ ಪ್ಯಾನ್ ಕಾರ್ಡಿನ ನಂಬರು ಹಾಕಿದ್ದ. ಮತ್ತೆ ಯಾರದು ಹಾಕಬೇಕಿತ್ತು? ಅವ್ವನ ಹೆಸರಿನಲ್ಲಿ ಒಂದು ಕಾರ್ಡೂ ಇರಲಿಲ್ಲ. ರೇಶನ್ ಕಾರ್ಡು ಅಪ್ಪನದು, ಬ್ಯಾಂಕು ಅಪ್ಪನದು. ಓಟಿನ ಕಾರ್ಡು ಮಾಡಿಸೋಣ, ಮಾಡಿಸೋಣ ಎಂದು ವರ್ಷಗಳಿಂದ ಹೇಳುತ್ತಲೇ ಇದ್ದ ಮಹರಾಯ. ಹಾಳೆಯ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಿದ್ದವು. ಕುಲುಮೆಯ ನಕ್ಷೆಯಲ್ಲಿ ಒಂದು ಗೆರೆ ತಪ್ಪಿದರೂ ಹಿಡಿಯುವ ಮನುಷ್ಯ ಅದನ್ನು ಓದಲಿಲ್ಲ.

ವಿಶಾಖಪಟ್ಟಣದಲ್ಲಿ ನಾವು ಗಾಡಿ ಹತ್ತಿ ಕೂತಿದ್ದಾಗಲೇ ಅಪ್ಪನ ಮೊಬೈಲು ಬಡಿದುಕೊಂಡಿತು. ಕುಲುಮೆಗೆ ಏನೋ ತೊಂದರೆ. ಅವನು ಎದ್ದು ಚಪ್ಪಲಿ ಮೆಟ್ಟಿ, “ಟಿಕೆಟ್ ಐತಲ್ಲ, ನೀವಿಬ್ರೂ ಹೋಗ್ರಿ, ನಾ ಹಿಂದಿಂದ ಬರ್ತೀನಿ,” ಎಂದು ಇಳಿದೇಬಿಟ್ಟ. ಅವ್ವ ತಲೆಯಾಡಿಸಿದಳು. ನಮ್ಮ ಟೌನ್‌ಶಿಪ್ಪಿನ ಯಾವ ಹೆಂಗಸಾದರೂ ಹಾಗೇ ಮಾಡುತ್ತಿದ್ದಳು. ವಿಜಯವಾಡದವರೆಗಿನ ಟಿಕೆಟ್ಟು ಕೌಂಟರಿನದು, ದಾರಿಯಲ್ಲಿ ಯಾರೂ ಏನೂ ಕೇಳಲಿಲ್ಲ.

ಸಂಜೆ ಹುಬ್ಬಳ್ಳಿ ಗಾಡಿಯಲ್ಲಿ ನಮ್ಮ ಜಾಗ ಹಿಡಿದು ಕೂತೆವು. ಗಾಡಿ ಬಿಡುವ ಮುಂಚೆಯೇ ಟಿಕೆಟ್ ಪರೀಕ್ಷಕ ಬಂದ. ಹಾಳೆ ನೋಡಿ, ನಮ್ಮನ್ನು ನೋಡಿ, “ಈ ಕಾರ್ಡ್ ಮನಿಷಿ ಎಕ್ಕಡಮ್ಮಾ?” ಎಂದು ಕೇಳಿದ. ಕಾರ್ಡಿನ ಮನುಷ್ಯ ಎಲ್ಲಿ ಎಂದು. ಅವ್ವನ ತೆಲುಗು ತರಕಾರಿಗಷ್ಟೇ ಸಾಲುತ್ತಿತ್ತು, ಹಾಗಾಗಿ ನಾನೇ ಉತ್ತರ ಕೊಟ್ಟೆ. ಕಾರ್ಡಿನವರು ಬಂದಿಲ್ಲವೆಂದರೆ ಮಿಕ್ಕವರೂ ಟಿಕೆಟ್ಟಿಲ್ಲದವರ ಲೆಕ್ಕ, ಅದು ರೂಲ್ಸು ಅಂದ. ಹಾಳೆಯಲ್ಲಿ ಅವ್ವನ ಹೆಸರಿದೆಯಲ್ಲ ಎಂದು ಬೆರಳಿಟ್ಟು ತೋರಿಸಿದೆ. ಹೆಸರಿದೆ, ಇವರೇ ಅವರು ಎಂದು ಯಾರು ಹೇಳಬೇಕು ಅಂದ. ನಾನು ಹೇಳುತ್ತೇನೆ, ಇವರು ನಮ್ಮ ಅಮ್ಮ ಅಂದೆ. ಅವನು ನಕ್ಕ. ಕೆಟ್ಟವನಲ್ಲ, ಮಾತಿಗೊಮ್ಮೆ ‘ಅಮ್ಮಾ’ ಅನ್ನುತ್ತಿದ್ದ, ಅದಕ್ಕೇ ಇನ್ನೂ ಸಿಟ್ಟು ಬರುತ್ತದೆ. ದಂಡ ಕಟ್ಟಿದರೆ ಹೊಸ ಟಿಕೆಟ್ ಬರೆಯುತ್ತೇನೆ ಅಂದ. ದುಡ್ಡಿನ ಪಾಕೀಟು ಅಪ್ಪನ ಜೇಬಿನಲ್ಲಿ ಕಾರ್ಖಾನೆಗೆ ಹೋಗಿತ್ತು, ಅವ್ವನ ಸೆರಗಿನ ಗಂಟಿನಲ್ಲಿದ್ದದ್ದು ದಂಡಕ್ಕೆ ಸಾಲುತ್ತಿರಲಿಲ್ಲ.

“ಏನಂತಾರ?” ಎಂದು ಅವ್ವ ಕೇಳಿದಳು. ‘ನೀನು ನೀನಲ್ಲ ಅಂತಾರೆ ಅವ್ವಾ’ ಎಂದು ಯಾವ ಬಾಯಿಂದ ಹೇಳಲಿ? ಇಳಿಯಬೇಕಂತೆ ಎಂದಷ್ಟೇ ಹೇಳಿದೆ. ಇಡೀ ಡಬ್ಬಿಯಲ್ಲಿ ನಮ್ಮ ಗುರುತಿನ ಒಂದು ಮುಖವಿರಲಿಲ್ಲ. ಸೂಟ್‌ಕೇಸು ಹಿಡಿದು ನಾವು ಇಳಿದೆವು, ಗಾಡಿ ಹೊರಟಿತು. ನಮ್ಮ ಮೂರು ಜಾಗಗಳಲ್ಲಿ ಆಗಲೇ ಬೇರೆಯವರು ಚಾದರ ಹಾಸುತ್ತಿದ್ದರು. ಬೂತಿನಿಂದ ಅಪ್ಪನಿಗೆ ಫೋನು ಮಾಡಿದರೆ ಎತ್ತುವವರಿಲ್ಲ. ಹುಬ್ಬಳ್ಳಿಗೆ ಮಾಡಿ, ಗಾಡಿ ತಪ್ಪಿತು, ಬರುತ್ತಿದ್ದೇವೆ ಎಂದು ಅವ್ವ ಹೇಳಿದಳು. ಶಾಂತಕ್ಕನ ನಂಬರು ನಮ್ಮಲ್ಲಿರಲಿಲ್ಲ, ಯಾವತ್ತೂ ಬೇಕಾಗಿರಲಿಲ್ಲವಲ್ಲ.

ಮರುದಿನ ಜನರಲ್ ಡಬ್ಬಿಯಲ್ಲಿ ಕಕ್ಕಸಿನ ಬಾಗಿಲ ಬಳಿ ನಿಂತು, ಎರಡು ಗಾಡಿ ಬದಲಿಸಿ, ಮೂರನೆಯ ದಿನ ಹೊತ್ತೇರಿದ ಮೇಲೆ ಹುಬ್ಬಳ್ಳಿ ಮುಟ್ಟಿದೆವು. ಓಣಿಯ ತುದಿಯಲ್ಲೇ ಭಜನೆ ಕೇಳಿಸಿತು. ಅವ್ವ ಓಡಲಿಲ್ಲ, ನಡೆದೇ ಹೋದಳು. ದೊಡ್ಡವ್ವನನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಬಳಿದಿದ್ದರು. ಅವತ್ತಿನ ಬೆಳಗಿನ ಜಾವದವರೆಗೂ ಬಾಗಿಲ ಕಡೆಗೇ ನೋಡುತ್ತಿದ್ದಳಂತೆ. “ಗಿರ್ಜಿ ಗಾಡಿ ಬಂತೇನ?” ಎಂದು ಕೇಳಿ ಕೇಳಿ ಸೋತಳು ಎಂದು ಆಕೆಯ ಮಗಳು ಅತ್ತಳು. ಅವ್ವ ಅಕ್ಕನೆದುರು ಕೂತಳು. ಕಣ್ಣಲ್ಲಿ ಹನಿ ನೀರಿಲ್ಲ.

ಅಷ್ಟರಲ್ಲಿ ಅಪ್ಪನ ಫೋನು ಬಂತು. ಯಾರೋ ಅವ್ವನ ಕೈಗೆ ರಿಸೀವರ್ ಕೊಟ್ಟರು. ಟಿಕೆಟ್ ಕನ್ಫರ್ಮ್ ಇತ್ತಲ್ಲ, ಮತ್ತೆ ಯಾಕೆ ತಡವಾಯಿತು ಎಂದು ಅವನು ಕೂಗಿ ಕೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಅವ್ವ ದನಿ ಏರಿಸಲಿಲ್ಲ.

“ಟಿಕೆಟ್ ಇತ್ರಿ,” ಅಂದಳು. “ನಾ ಗಿರಿಜಾ ಅಂತ ಹೇಳಾವ್ರು ಯಾರೂ ಇರಲಿಲ್ಲ. ಇದ್ದಾಕಿ ಒಬ್ಬಾಕಿ. ಆಕಿನೂ ಹೋದಳು.”

ರಿಸೀವರ್ ಕೆಳಗಿಟ್ಟು ಅವ್ವ ಮತ್ತೆ ಹೋಗಿ ಅಕ್ಕನ ಮುಂದೆ ಕೂತಳು.