ಹಲ್ಲಿನಲ್ಲಿ ಕೇಳುವ ಎಂಜಿನ್

ಷಟರ್‌ ಅಡಿಯಿಂದ ಬೆಳಕು ಇನ್ನೂ ಗೇಣುದ್ದವಷ್ಟೇ ಒಳಗೆ ಬಂದಿದೆ. ಗ್ಯಾರೇಜಿನ ನಡುವೆ ಹಳೆಯ ಕೆಂಪು ಸ್ಪೋರ್ಟ್ಸ್ ಕಾರೊಂದು ಬೆನ್ನಿನ ಮುಚ್ಚಳ ತೆರೆದು ನಿಂತಿದೆ. ಇದರ ಎಂಜಿನ್ ಇರುವುದು ಹಿಂದೆ. ಅರವತ್ತಾರರ ಮೆಕ್ಯಾನಿಕ್ ಮಂಡಿಯೂರಿ, ಮೊಳದುದ್ದದ ಉಕ್ಕಿನ ಸರಳೊಂದರ ದುಂಡು ತುದಿಯನ್ನು ಎಂಜಿನ್ನಿಗೆ ಒತ್ತುತ್ತಾರೆ. ಇನ್ನೊಂದು ತುದಿಯ ಮರದ ಹಿಡಿಯನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿ, ಕಣ್ಣು ಮುಚ್ಚಿ, ಕೈ ಎತ್ತುತ್ತಾರೆ. ಡ್ರೈವರ್ ಸೀಟಿನಲ್ಲಿ ಕೂತ ಹೆಂಡತಿ ಕೀಲಿ ತಿರುಗಿಸುತ್ತಾರೆ. ಎಂಜಿನ್ ಒಮ್ಮೆ ಕೆಮ್ಮಿ, ಗದರಿ, ಚಾವಣಿಯ ತಗಡನ್ನೆಲ್ಲ ನಡುಗಿಸುತ್ತದೆ. ಅದು ಇವರ ಕಿವಿಗೆ ಕೇಳುವುದಿಲ್ಲ, ಹಲ್ಲಿಗೆ ಕೇಳುತ್ತದೆ.

ಎಷ್ಟೋ ವರ್ಷಗಳಿಂದ ಹೀಗೆಯೇ. ಕಿವಿಯೊಳಗಿನ ಪುಟ್ಟ ಎಲುಬುಗಳು ಬಿಗಿದುಕೊಂಡು ಹೊರಗಿನ ಸದ್ದನ್ನು ಒಳಗೆ ಬಿಡುತ್ತಿಲ್ಲ. ಒಳಗಿನ ನರ ಮಾತ್ರ ಗಟ್ಟಿಮುಟ್ಟಾಗಿದೆ. ಸದ್ದು ಹಲ್ಲು, ದವಡೆಗಳ ಹಿತ್ತಿಲ ಬಾಗಿಲಿನಿಂದ ಬಂದರೆ ಅಲ್ಲಿಗೆ ಮುಟ್ಟುತ್ತದೆ. ಕಿವಿಗೆ ಹಾಕುವ ಯಂತ್ರ ಡ್ರಾಯರಿನಲ್ಲಿ ಬಿದ್ದಿದೆ. "ಅದನ್ನ ಹಾಕ್ಕೊಂಡ್ರೆ ಫ್ಯಾನು, ಚೈನು, ರಸ್ತೆ ಹಾರನ್ನು, ಇವಳ ಮಾತು, ಎಲ್ಲಾ ತಗಡಿನ ಡಬ್ಬಿಗೆ ಹಾಕಿ ಅಲ್ಲಾಡಿಸ್ದಂಗಿರುತ್ತೆ," ಎನ್ನುತ್ತಾರೆ. ಜನರ ಮಾತನ್ನು ತುಟಿ ನೋಡಿ ಹಿಡಿಯುತ್ತಾರೆ. ಪೊದೆ ಮೀಸೆಯ ಗಿರಾಕಿಗಳೆಂದರೆ ಅಷ್ಟಕ್ಕಷ್ಟೆ.

ಬೀದಿಯಲ್ಲಿ ಇವರು ಗಾಳಿಯಣ್ಣ. ಗಾಳಿಯಿಂದ ತಣಿಯುವ ಎಂಜಿನ್ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲವಾದ್ದರಿಂದ ಬಿದ್ದ ಹೆಸರು. "ದಿನಾ ಗಾಳಿ ತುಂಬೋನು ನಾನು, ಹೆಸರು ಮಾತ್ರ ಇವರಿಗೆ," ಎಂಬುದು ಪಕ್ಕದ ಟೈರ್ ಅಂಗಡಿಯವರ ಹಳೆಯ ದೂರು.

ಈ ಕಾರಿನದು ಎರಡೂ ಮುಕ್ಕಾಲು ಲೀಟರಿನ ಎಂಜಿನ್. ಆರು ಸಿಲಿಂಡರುಗಳು ಎದ್ದು ನಿಲ್ಲುವ ಬದಲು ಆ ಕಡೆ ಮೂರು, ಈ ಕಡೆ ಮೂರು ಮಲಗಿವೆ. ರೇಡಿಯೇಟರ್ ಇಲ್ಲ, ನೀರಿಲ್ಲ. ಫ್ಯಾನು ಬೀಸುವ ಗಾಳಿ ಮತ್ತು ಒಳಗೆ ಸುತ್ತುವ ಹತ್ತು ಲೀಟರಿಗೂ ಮಿಕ್ಕ ಆಯಿಲ್, ತಂಪಿಗೆ ಇವೆರಡೇ ಗತಿ. ಆಯಿಲ್ ಮಟ್ಟವನ್ನು ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ನೋಡಬೇಕು. ತಣ್ಣಗಿದ್ದಾಗ ನೋಡಿ, ಕಡಿಮೆಯಿದೆಯೆಂದು ಸುರಿದವರು ಬೀದಿಗೆಲ್ಲ ಹೊಗೆ ಹಾಕುತ್ತಾರೆ. ವಾಲ್ವುಗಳ ಸಂದು ಹೊಂದಿಸುವುದು ಇದಕ್ಕೆ ತದ್ವಿರುದ್ಧ: ಎಂಜಿನ್ ರಾತ್ರಿಯೆಲ್ಲ ಮಲಗಿ ಪೂರ್ತಿ ತಣಿದಿರಬೇಕು. ಹನ್ನೆರಡು ವಾಲ್ವು, ಒಂದೊಂದಕ್ಕೂ ಮಿಲಿಮೀಟರಿನ ಹತ್ತನೇ ಒಂದು ಪಾಲು. "ನೀರಿನ ಎಂಜಿನ್ ಸಂಭಾವಿತ, ನೋವು ನುಂಗ್ಕೊಳ್ಳುತ್ತೆ. ಇದು ಬಾಯಿಬಡುಕ. ಎಲ್ಲಿ ನೋವಿದ್ರೂ ಹೇಳ್ಬಿಡುತ್ತೆ. ಕೇಳೋರು ಬೇಕು, ಅಷ್ಟೆ."

ಕೇಳುವವರಿದ್ದರೆ ಲಕ್ಷಗಟ್ಟಲೆ ಕಿಲೋಮೀಟರ್ ಓಡುವ ಗಟ್ಟಿ ಜೀವ ಇದು. ಆದರೆ ಒಂದು ಮರ್ಮಸ್ಥಾನವಿದೆ. ಒಳಗಿನ ಚೈನನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಸೋತರೆ ಚೈನು ಜಾರುತ್ತದೆ, ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ, ಅಲ್ಲಿಗೆ ಎಂಜಿನ್ನಿನ ಕಥೆ ಮುಗಿಯುತ್ತದೆ. ಸೋಲುವ ಮುನ್ನ ಅದು ಕೊಡುವ ಸೂಚನೆ, ತಣ್ಣಗಿನ ಎಂಜಿನ್ ಎದ್ದ ಮೊದಲ ಕೆಲವು ಉಸಿರುಗಳಲ್ಲಿ ಕೇಳುವ ಒಂದು ಸಣ್ಣ ಗಿಲಗಿಲ. ಗಾಳಿಯಣ್ಣ ನಸುಕಿನಲ್ಲೇ ಮಂಡಿಯೂರುವುದು ಅದಕ್ಕಾಗಿ.

ಎರಡು ತಿಂಗಳ ಹಿಂದೆ ಇದೇ ಕೆಂಪು ಕಾರಿನಲ್ಲಿ ಅವರಿಗೆ ಆ ಗಿಲಗಿಲ ಕೇಳಿಸಿತು. ಎಂಜಿನ್ ಇಳಿಸಿದರು, ಬಿಚ್ಚಿದರು, ಎರಡೂ ಕಡೆಗೆ ಹೊಸ ಟೆನ್ಷನರ್ ಕೂರಿಸಿದರು. ಸ್ಟಾರ್ಟ್ ಮಾಡಿದರೆ ಮತ್ತೆ ಗಿಲಗಿಲ. ಪುನಃ ಇಳಿಸಿದರು.

"ನನಗೇನೂ ಕೇಳಿಸ್ತಿಲ್ಲ ಕಣ್ರೀ ಅಂದೆ," ಎಂದು ಹೆಂಡತಿ ನೆನೆಯುತ್ತಾರೆ. "ಕಿವಿ ಇರೋಳ ಮಾತನ್ನ ಕಿವುಡರು ಕೇಳ್ತಾರಾ? ನಿನಗೇನು ಗೊತ್ತು ಅಂದ್ರು. ಆಮೇಲೆ ಇವರು ಸರಳು ಕಚ್ಕೊಂಡಿದ್ದಾಗ ಬಗ್ಗಿ ನೋಡ್ತೀನಿ, ಹಿಡಿ ಮೇಲೆ ಇವರ ಹಲ್ಲೇ ಕುಣೀತಿದೆ."

ಚೈನು ಭದ್ರವಾಗಿತ್ತು. ಸಡಿಲವಾಗಿದ್ದುದು ಮೆಕ್ಯಾನಿಕ್ಕಿನ ಹಲ್ಲು.

ಕಾರಿನ ಒಡತಿ ಹಲ್ಲಿನ ಡಾಕ್ಟರು. ಸುದ್ದಿ ಕೇಳಿ ನಕ್ಕರಂತೆ. ಗ್ಯಾರೇಜಿನ ಸ್ಟೂಲಿನ ಮೇಲೆಯೇ ಇವರನ್ನು ಕೂರಿಸಿ ಬಾಯಿ ತೆರೆಸಿದ ಮೇಲೆ ನಗಲಿಲ್ಲ. ಹಿಂದಿನ ಹಲ್ಲುಗಳು ಯಾವತ್ತೋ ಹೋಗಿವೆ. ಮುಂದೆ ಉಳಿದ ಆರಕ್ಕೂ ಬುಡದ ಎಲುಬು ಸವೆದು ಕೀವು ಕಟ್ಟಿದೆ. ತಂತಿ ಕಟ್ಟಿ ನೋಡಿದರು, ಔಷಧಿ ಕೊಟ್ಟು ನೋಡಿದರು. "ಇನ್ನು ಬಿಟ್ಟರೆ ದವಡೇನೇ ಹೋಗುತ್ತೆ. ಕಟ್ಟಿಸಿದ ಹಲ್ಲು ಊಟಕ್ಕಾಗುತ್ತೆ, ವಸಡಿನ ಮೇಲೆ ಸುಮ್ನೆ ಕೂತಿರೋ ಅದು ಇವರಿಗೆ ಬೇಕಾದ ಸದ್ದನ್ನ ದಾಟಿಸಲ್ಲ," ಎನ್ನುತ್ತಾರೆ ಡಾಕ್ಟರು. "ಸ್ಕ್ರೂ ಹಾಕಿ ಕೂರಿಸೋಣ ಅಂದ್ರೆ ಹಿಡ್ಕೊಳ್ಳೋಕೆ ಎಲುಬೇ ಇಲ್ಲ."

"ಕಡ್ಲೆ ಅಗಿಯೋಕೆ ನನಗೆ ಹಲ್ಲು ಬೇಡ ಡಾಕ್ಟ್ರಮ್ಮ, ಕೇಳೋಕೆ ಬೇಕು," ಎಂದು ಇವರು ವಾದ ಹೂಡಿದ್ದೂ ಆಗಿದೆ. ಸರಳನ್ನು ಹಣೆಗಿಟ್ಟರು, ಕಿವಿಯ ಹಿಂದಿಟ್ಟರು. ಚರ್ಮ ಅರ್ಧ ಸದ್ದು ತಿನ್ನುತ್ತದೆ. ಆ ಗಿಲಗಿಲ ತಿಂದುಹೋದ ಅರ್ಧದಲ್ಲೇ ಇರುತ್ತದೆ. ತಾನು ಕೇಳಿ ಹೇಳುತ್ತೇನೆಂದು ಹೆಂಡತಿ ಮುಂದೆ ಬಂದರು. ವಾರವಿಡೀ ಇಬ್ಬರೂ ಪ್ರಯತ್ನಿಸಿದರು.

"ಅವಳಿಗೆ ಎಲ್ಲಾ ಕೇಳುತ್ತೆ. ಯಾವುದನ್ನ ಕೇಳ್ಬೇಕು ಅಂತ ಹೇಳಿಕೊಡೋಕೆ ನನಗೇ ಬರ್ತಿಲ್ಲ," ಎನ್ನುತ್ತಾರೆ ಗಾಳಿಯಣ್ಣ. "ಕೇಳಿಸ್ಕೊಳ್ದೆ ಕೈ ಹಾಕೋದು ಮೋಸ. ಗ್ಯಾರೇಜಿಗೆ ಬಾಗಿಲು ಹಾಕ್ತೀನಿ."

ಹಲ್ಲು ಕೀಳುವುದು ನಾಳೆ. ಹಾಗಾಗಿ ಈ ಬೆಳಗಿನದು ಕೊನೆಯ ಆಲಿಕೆ. ಅವರು ಸರಳನ್ನು ಎಡದ ಚೈನ್ ಮುಚ್ಚಳಕ್ಕೆ, ಬಲದ್ದಕ್ಕೆ, ಫ್ಯಾನಿನ ಬುಡಕ್ಕೆ, ಪ್ರತಿ ಸಿಲಿಂಡರಿಗೆ ಇಟ್ಟು ಕೇಳುತ್ತಾರೆ. ಎಂಜಿನ್ ಬಿಸಿಯಾದ ಮೇಲೆ ಆಯಿಲ್ ಕಡ್ಡಿ ಎಳೆದು ನೋಡುತ್ತಾರೆ. ಮುಗಿದ ಮೇಲೂ ಸ್ವಲ್ಪ ಹೊತ್ತು, ಕೆಲಸವೇನೂ ಇಲ್ಲದೆ, ಕಚ್ಚಿಕೊಂಡೇ ಕೂತಿರುತ್ತಾರೆ. ಮುಂದಿನ ಹಲ್ಲಿನ ಸುತ್ತ ನೆತ್ತರು ಜಿನುಗುತ್ತದೆ. ಕೊನೆಗೆ ಕೈ ಇಳಿಸುತ್ತಾರೆ. ಹೆಂಡತಿ ಎಂಜಿನ್ ನಿಲ್ಲಿಸುತ್ತಾರೆ.

ಆಕೆ ಒಳಗಿನಿಂದ ಚಹಾ ತಂದಿಟ್ಟರೂ ಅವರು ಸರಳು ಬಿಟ್ಟಿರುವುದಿಲ್ಲ. ಕಚ್ಚಿದ ಬಾಯಲ್ಲಿ ಮಾತು ಹೊರಡದು. ಸರಳಿನ ದುಂಡು ತುದಿಯನ್ನು ಎತ್ತಿ ಹೆಂಡತಿಯ ಕಡೆ ತೋರಿಸುತ್ತಾರೆ. "ನಾನೇನು ನಿಮ್ಮ ಎಂಜಿನ್ನಾ?" ಎಂದು ಆಕೆ ನಾಚಿ ಆಚೀಚೆ ನೋಡುತ್ತಾರೆ. ಆಮೇಲೆ ಸೆರಗಿನಿಂದ ತುದಿಯ ಎಣ್ಣೆ ಒರೆಸಿ, ಅದನ್ನು ತನ್ನ ಗದ್ದಕ್ಕೆ ಗಟ್ಟಿಯಾಗಿ ಒತ್ತಿಕೊಂಡು, ಮೆಲ್ಲಗೆ ಏನೋ ಹೇಳುತ್ತಾರೆ. ಅವರು ಕಣ್ಣು ಮುಚ್ಚಿ ಕೇಳುತ್ತಾರೆ. ಇನ್ನೊಮ್ಮೆ ಎಂದು ಕೈಸನ್ನೆ ಮಾಡುತ್ತಾರೆ. ಆಕೆ ಇನ್ನೊಮ್ಮೆ ಹೇಳುತ್ತಾರೆ.

ಏನಂದರು ಎಂದು ಕೇಳಿದರೆ ಗಾಳಿಯಣ್ಣ ಹಿಡಿಯನ್ನು ಬಾಯಿಂದ ತೆಗೆದು ಅಂಗಿಗೆ ಒರೆಸುತ್ತಾರೆ. "ಚಹಾ ಆರ್ತಿದೆ ಅಂದ್ಲು."

ಚಹಾ ಲೋಟ ಕೈಗೆತ್ತಿಕೊಂಡು ಮತ್ತೆ ಹೇಳುತ್ತಾರೆ. "ಅವಳ ದನಿಗೆ ವಯಸ್ಸಾಗಿದೆ. ತುಟಿ ನೋಡ್ತಾ ನೋಡ್ತಾ ಇಷ್ಟು ವರ್ಷ ನಾನು ಹಳೇ ದನೀಲೇ ಕೇಳಿಸ್ಕೊಂಡುಬಿಟ್ಟಿದೀನಿ. ನಾಳೆಯಿಂದ ಈ ದನೀಲಿ ಕೇಳಿಸ್ಕೋಬೇಕು."